ಏನೆಂದು ಕೂಗಿದರು? ಮಂಡ್ಯ, ಮೈಸೂರಿನ ಪತ್ರಕರ್ತರಿಗೆ ಒಂದು ಬಹಿರಂಗ ಪತ್ರ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ವರದಿಗಾರ ಬಂಧುಗಳಿಗೆ, ಜಿಲ್ಲಾ ಪುಟ ಕಟ್ಟುವ ಉಪಸಂಪಾದಕರಿಗೆ,

ನಮಸ್ಕಾರ.

ನಿಮ್ಮ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ದಿನವೂ ಬರುವ ಒಂದು ವಾಕ್ಯದ ಬಗ್ಗೆ ಬರೆಯುತ್ತಿದ್ದೇನೆ. ‘ನಗರದ ಸಂಜಯ ವೃತ್ತದಲ್ಲಿ ಜಮಾಯಿಸಿದ ಪ್ರತಿಭಟನಾಕಾರರು ಸರ್ಕಾರದ ವಿರುದ್ಧ ಘೋಷಣೆ ಕೂಗಿ ಆಕ್ರೋಶ ವ್ಯಕ್ತಪಡಿಸಿದರು.’ ವೃತ್ತದ ಹೆಸರು ಬದಲಾಗಬಹುದು. ಸರ್ಕಾರದ ಜಾಗದಲ್ಲಿ ಕಾರ್ಖಾನೆಯೋ ವಿದ್ಯುತ್ ಕಂಪನಿ ಸೆಸ್ಕಾಂನ ಕಚೇರಿಯೋ ಬರಬಹುದು. ಮೆರವಣಿಗೆ ಎಲ್ಲಿಂದ ಹೊರಟಿತು ಎಂದು ನೀವು ಬರೆಯುತ್ತೀರಿ, ಸಂಚಾರ ಎಷ್ಟು ಹೊತ್ತು ಅಸ್ತವ್ಯಸ್ತವಾಯಿತು ಎಂದು ಬರೆಯುತ್ತೀರಿ, ಮನವಿ ಸ್ವೀಕರಿಸಿದ ಅಧಿಕಾರಿಯ ಹೆಸರು ಬರೆಯುತ್ತೀರಿ, ಕೊನೆಗೆ ‘ಪ್ರತಿಭಟನೆಯಲ್ಲಿ ಭಾಗವಹಿಸಿದ್ದರು’ ಎಂದು ಮುಖಂಡರ ಹೆಸರನ್ನೆಲ್ಲ ಸಾಲಾಗಿ ಕೊಡುತ್ತೀರಿ. ಜನ ಏನೆಂದು ಕೂಗಿದರು ಎನ್ನುವುದೊಂದು ಬಿಟ್ಟು ಎಲ್ಲವೂ ಅಲ್ಲಿರುತ್ತದೆ.

ನನ್ನ ವಿನಂತಿ ಇಷ್ಟೇ. ಕೂಗಿದ್ದನ್ನು ಕೂಗಿದ ಹಾಗೆ ಬರೆಯಿರಿ. ಎಲ್ಲವನ್ನೂ ಅಲ್ಲ, ಆ ದಿನದ ಒಂದೆರಡು ಸಾಲು ಸಾಕು. ಯಾಕೆ ಇದನ್ನು ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂದು ಹೇಳಲು ನಿಮ್ಮ ಸ್ವಲ್ಪ ಸಮಯ ಬೇಕು.

ನಾನು ಮಂಡ್ಯದಲ್ಲಿ ಕನ್ನಡ ಪಾಠ ಮಾಡುವವಳು. ರೈತರ ಮನೆಯ ಮಗಳು. ಹಾಗಾಗಿ ಪ್ರತಿಭಟನೆಗಳಿಗೆ ಆಗಾಗ ಹೋಗುತ್ತೇನೆ. ಮರುದಿನ ಪತ್ರಿಕೆಯನ್ನೂ ಓದುತ್ತೇನೆ. ಹಿಂದಿನ ದಿನ ಕಿವಿಯಲ್ಲಿ ಕೇಳಿದ್ದಕ್ಕೂ ಮರುದಿನ ಕಣ್ಣಲ್ಲಿ ಓದಿದ್ದಕ್ಕೂ ನಡುವೆ ಏನೋ ಸೋರಿಹೋಗಿದೆ ಎಂದು ಪ್ರತಿಸಲವೂ ಅನ್ನಿಸುತ್ತದೆ.

‘ಘೋಷಣೆ’ ಎಂಬ ಮಾತನ್ನೇ ಮೊದಲು ನೋಡಿ. ಇದಕ್ಕೆ ನಮ್ಮಲ್ಲಿ ಎರಡು ಬಾಳು. ಆಳುವವರು ಹೊರಡಿಸುವುದೂ ಘೋಷಣೆ, ಆಳಿಸಿಕೊಳ್ಳುವವರು ಕೂಗುವುದೂ ಘೋಷಣೆ. ಚುನಾವಣೆ ಘೋಷಣೆ, ರಜೆ ಘೋಷಣೆ, ಬಜೆಟ್ಟಿನ ಘೋಷಣೆ ಒಂದು ಕಡೆ. ರಸ್ತೆ ತಡೆದು ಕುಳಿತವರ ಘೋಷಣೆ ಇನ್ನೊಂದು ಕಡೆ. ಘೋಷ ಅಂದರೆ ದೊಡ್ಡ ಸದ್ದು, ನಾಲ್ಕು ಜನಕ್ಕೆ ಕೇಳುವ ಹಾಗೆ ಸಾರುವುದು. ಆ ಅರ್ಥದಲ್ಲಿ ಎರಡೂ ಸರಿಯೇ. ಆದರೆ ಪತ್ರಿಕೆಯ ಪುಟದಲ್ಲಿ ಈ ಎರಡಕ್ಕೆ ಸಿಗುವ ಮರ್ಯಾದೆ ಒಂದೇ ಅಲ್ಲ.

2023ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಮಳೆ ಕೈಕೊಟ್ಟಿತ್ತು. ರಾಜ್ಯ ಸರ್ಕಾರ ಆ ತಿಂಗಳು 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅದೇ ತಿಂಗಳಲ್ಲಿ ತಮಿಳುನಾಡಿಗೆ ದಿನವೂ 5,000 ಕ್ಯೂಸೆಕ್‌ನಂತೆ ಕಾವೇರಿ ನೀರು ಬಿಡಬೇಕೆಂಬ ಆದೇಶ ಬಂತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ, 23ರಂದು ಮಂಡ್ಯ ಬಂದ್ ಆಯಿತು. ಸರ್ಕಾರದ ಘೋಷಣೆಯನ್ನು ನೀವು ತಾಲ್ಲೂಕುವಾರು ಪಟ್ಟಿ ಸಮೇತ ಅಚ್ಚು ಮಾಡಿದಿರಿ. ಮಾಡಬೇಕಾದ್ದೇ. ಅದೇ ವಾರ ಮಂಡ್ಯದ ಬೀದಿಯಲ್ಲಿ ಗಂಟಲು ಹರಿಯುವ ಹಾಗೆ ಜನ ಮಾಡಿದ ಘೋಷಣೆಗೆ ಸಿಕ್ಕಿದ್ದು ‘ಘೋಷಣೆ ಕೂಗಿದರು’ ಎಂಬ ಎರಡು ಪದ. ಒಂದು ಘೋಷಣೆಗೆ ಪಟ್ಟಿ, ಅಂಕಿ, ದಿನಾಂಕ ಎಲ್ಲ ಉಂಟು. ಇನ್ನೊಂದಕ್ಕೆ ಬರೀ ಸದ್ದು.

ಇದು ನಿಮ್ಮ ಪತ್ರಿಕೆಗಳ ಅಭ್ಯಾಸವೇ ಆಗಿದ್ದರೆ, ಜಾಗ ಸಾಲದು, ಸಮಯ ಸಾಲದು ಎಂದು ಸುಮ್ಮನಾಗುತ್ತಿದ್ದೆ. ಹಾಗಿಲ್ಲ. ಬೇರೆ ಕಡೆ ನೀವು ಕೂಗಿದ್ದನ್ನು ಅಕ್ಷರ ಬಿಡದೆ ಬರೆಯುತ್ತೀರಿ. ಮಹದೇಶ್ವರ ಬೆಟ್ಟದ ಜಾತ್ರೆಯ ವರದಿಯಲ್ಲಿ ‘ಉಘೇ ಉಘೇ ಮಾದಪ್ಪ’ ಎಂಬ ಉದ್ಘೋಷ ಮುಗಿಲು ಮುಟ್ಟಿತು ಎಂದು ಇರುತ್ತದೆ. ಮೇಲುಕೋಟೆಯ ವೈರಮುಡಿಯಂದು ‘ಗೋವಿಂದ, ಗೋವಿಂದ’ ಇರುತ್ತದೆ. ದಸರೆಯ ಖಾಸಗಿ ದರ್ಬಾರಿನ ವರದಿ ‘ಬಹುಪರಾಕ್’ ಇಲ್ಲದೆ ಮುಗಿಯುವುದಿಲ್ಲ. ರಾಜಕೀಯ ನಾಯಕರೊಬ್ಬರು ಬಂದಿಳಿದಾಗ ನಾಲ್ಕು ಜನ ಬೆಂಬಲಿಗರು ‘ಮುಂದಿನ ಮುಖ್ಯಮಂತ್ರಿಗೆ ಜೈ’ ಎಂದರೆ ಅದು ಉದ್ಧರಣ ಚಿಹ್ನೆಯೊಳಗೆ ಕೂತು, ಕೆಲವೊಮ್ಮೆ ತಲೆಬರಹವನ್ನೇ ಏರುತ್ತದೆ. ದೇವರಿಗೆ ಕೂಗಿದ್ದು, ದೊರೆಗೆ ಕೂಗಿದ್ದು, ನಾಯಕನಿಗೆ ಕೂಗಿದ್ದು ಅಚ್ಚಾಗುತ್ತದೆ. ಕೇಳಲು ಬಂದವರು ಕೂಗಿದ್ದು ಮಾತ್ರ ‘ಘೋಷಣೆ’ ಎಂಬ ಒಂದೇ ಚೀಲದೊಳಗೆ ಹೋಗಿ ಸೇರಿಕೊಳ್ಳುತ್ತದೆ. ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವನೂ ಅದೇ ಮಳವಳ್ಳಿ ಕಡೆಯ ರೈತ, ನಾಲೆಗೆ ನೀರು ಬಿಡಿ ಎಂದು ಬಂದು ಕೂರುವವನೂ ಅವನೇ.

ಆ ಒಂದು ಪದದೊಳಗೆ ಎಷ್ಟು ಬಗೆ ಇದೆ ಎಂಬುದು ಅಲ್ಲಿ ನಿಂತು ಕೇಳಿದವರಿಗೆ ಗೊತ್ತು. ನಮ್ಮ ಜನ ‘ಘೋಷಣೆ ಹಾಕೋಣ’ ಎನ್ನುವುದು ಅಪರೂಪ. ‘ಜೈಕಾರ ಹಾಕ್ರಪ್ಪ’ ಎನ್ನುತ್ತಾರೆ, ‘ಧಿಕ್ಕಾರ ಕೂಗ್ರಯ್ಯ’ ಎನ್ನುತ್ತಾರೆ. ಎರಡೂ ಬೇರೆ ಕೆಲಸ ಎಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿದೆ. ಜೈಕಾರದಲ್ಲಿ ಒಬ್ಬರ ಹೆಸರು ಇರಲೇಬೇಕು. ಧಿಕ್ಕಾರದಲ್ಲೂ ಹೆಸರು ಬೇಕು, ಜೊತೆಗೆ ಒಂದು ತಪ್ಪು ಬೇಕು. ‘ಬೇಕೇ ಬೇಕು’ ಎಂದು ಒಬ್ಬ ಎತ್ತಿದರೆ ‘ನ್ಯಾಯ ಬೇಕು’ ಎಂದು ಉಳಿದವರು ಹೇಳುವ ಕೂಗಿನಲ್ಲಿ ಯಾರ ಹೆಸರೂ ಇಲ್ಲ, ಬೇಡಿಕೆ ಮಾತ್ರ. ‘ಏನೇ ಬರಲಿ’ ಎಂದಾಗ ‘ಒಗ್ಗಟ್ಟಿರಲಿ’ ಎನ್ನುವುದು ಎದುರಿನ ಕಚೇರಿಗೆ ಕೇಳಿಸಲು ಅಲ್ಲವೇ ಅಲ್ಲ, ಪಕ್ಕದಲ್ಲಿ ನಿಂತವನಿಗೆ ಹೇಳುವ ಮಾತು. ಪೊಲೀಸ್ ವ್ಯಾನು ಬಂದು ನಿಂತ ಹೊತ್ತಿನಲ್ಲಿ ಹೆಚ್ಚಾಗಿ ಏಳುವುದು ಇದೇ. ಇನ್ನು ‘ಸಿರಿಗನ್ನಡಂ ಗೆಲ್ಗೆ’. ಧಾರವಾಡದ ರಾ.ಹ. ದೇಶಪಾಂಡೆಯವರಿಂದ ನಮಗೆ ಬಂದದ್ದು. ಅದರಲ್ಲಿ ಧಿಕ್ಕಾರವೂ ಇಲ್ಲ, ಬೇಡಿಕೆಯೂ ಇಲ್ಲ. ‘ಗೆಲ್ಗೆ’ ಎಂಬುದು ಹಳಗನ್ನಡದ ಹಾರೈಕೆ, ಗೆಲ್ಲಲಿ ಎಂಬ ಆಶಯ. ಕನ್ನಡ ಸಂಘಟನೆಗಳ ಮೆರವಣಿಗೆಯಲ್ಲಿ ಮುಷ್ಟಿ ಬಿಗಿದು ಕೂಗುವ ಹುಡುಗರು ತಮಗೆ ಗೊತ್ತಿಲ್ಲದೆಯೇ ಹಳಗನ್ನಡದಲ್ಲಿ ಹರಸುತ್ತಿರುತ್ತಾರೆ. ಇದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾರೈಕೆ, ಬೇಡಿಕೆ, ಬೈಗುಳ, ಧೈರ್ಯ ಹೇಳುವ ಮಾತು ಇವಿಷ್ಟನ್ನೂ ‘ಘೋಷಣೆ ಕೂಗಿ ಆಕ್ರೋಶ ವ್ಯಕ್ತಪಡಿಸಿದರು’ ಎಂದು ಬರೆದರೆ ಓದುಗನಿಗೆ ತಲುಪುವುದು ಆಕ್ರೋಶ ಒಂದೇ. ಯಾವುದರ ಮೇಲೆ, ಏನು ಕೇಳಿ, ಯಾವ ಲೆಕ್ಕದಲ್ಲಿ ಎಂಬುದು ಹೋಗುತ್ತದೆ. ಬೀದಿಗೆ ಬಂದವರು ಸಿಟ್ಟಿನ ಜನ, ಒಳಗೆ ಕೂತವರು ಮಾತಿನ ಜನ ಎಂಬ ಚಿತ್ರ ದಿನದಿನವೂ ಗಟ್ಟಿಯಾಗುತ್ತದೆ.

ಕೂಗಿನಲ್ಲಿ ಎಷ್ಟು ಮಾತಿರುತ್ತದೆ ಎನ್ನುವುದಕ್ಕೆ ನಾನೇ ಕೇಳಿದ್ದೊಂದನ್ನು ಹೇಳುತ್ತೇನೆ. ಕಬ್ಬು ಬೆಳೆಗಾರರ ಧರಣಿ. ಅರೆದ ಕಬ್ಬಿಗೆ ದುಡ್ಡು ಬಂದಿರಲಿಲ್ಲ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಬೆಳಗಿನಿಂದ ಮೈಕಿನಲ್ಲಿ ಮುಖಂಡರ ಭಾಷಣ ನಡೆದಿತ್ತು, ಬಿಸಿಲು ಏರಿತ್ತು, ಶಾಮಿಯಾನದ ನೆರಳು ಸರಿದು ಹಿಂದಿನ ಸಾಲಿನ ಹೆಂಗಸರೆಲ್ಲ ಬಿಸಿಲಿಗೆ ಬಿದ್ದಿದ್ದರು. ಅವರಲ್ಲೊಬ್ಬ ಹೆಂಗಸು, ಅರವತ್ತರ ಆಸುಪಾಸು, ಹಸಿರು ಶಾಲನ್ನು ತಲೆಗೆ ಸಿಂಬಿ ಸುತ್ತಿಕೊಂಡಿದ್ದವರು, ಎದ್ದು ನಿಂತು ಮೈಕಿಲ್ಲದೆ ಕೂಗಿದರು:

‘ಹದ್ನಾಕ್ ದಿನ ಅಂದ್ರಿ, ಹದ್ನಾಕ್ ವಾರ ಆಯ್ತು!’

ಒಂದು ಗಳಿಗೆ ಯಾರೂ ಏನೂ ಅನ್ನಲಿಲ್ಲ. ಅವರೇ ಮುಂದಿನದನ್ನೂ ಎತ್ತಿದರು: ‘ನಮ್ ಕಾಸು ಎತ್ತಾಗೋಯ್ತು?’ ಆಗ ಇಡೀ ಗುಂಪು ಹಿಡಿದುಕೊಂಡಿತು. ‘ಎತ್ತಾಗೋಯ್ತು? ಎತ್ತಾಗೋಯ್ತು?’ ಚಪ್ಪಾಳೆ ತಾನಾಗಿಯೇ ಕೂಡಿಕೊಂಡಿತು. ಮುಖಂಡರು ಹೇಳಿಕೊಟ್ಟಿದ್ದ ‘ಧಿಕ್ಕಾರ ಧಿಕ್ಕಾರ’ ಅಲ್ಲಿಗೆ ನಿಂತುಹೋಯಿತು. ಸಂಜೆಯವರೆಗೂ ಇದೇ ನಡೆಯಿತು. ಊರಿಗೆ ಹೋಗುವ ಟೆಂಪೋದಲ್ಲೂ ಅದೇ.

ಈಗ ಆ ಎರಡು ಸಾಲಿನ ಒಳಗೇನಿದೆ ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಂದು ಹಾಕಿದ 14 ದಿನಗಳೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಕೇಂದ್ರ ಸರ್ಕಾರದ ಆದೇಶವೊಂದರ ಮುಖ್ಯ ಷರತ್ತನ್ನು, ಅದು ಮುರಿದಿದೆ ಎಂಬ ದೂರನ್ನು, ಎಷ್ಟು ಮುರಿದಿದೆ ಎಂಬ ಲೆಕ್ಕವನ್ನು, ಮೇಲೊಂದು ಪ್ರಶ್ನೆಯನ್ನು ಆಕೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ವಾರ ಎಂದದ್ದು ಪ್ರಾಸಕ್ಕಾಗಿ ಅಲ್ಲ, ನಿಜವಾಗಿಯೂ ಹತ್ತಿರಹತ್ತಿರ ಅಷ್ಟಾಗಿತ್ತು. ಯಾವ ವಕೀಲರ ನೋಟಿಸೂ ಇಷ್ಟು ಚುರುಕಾಗಿರಲಾರದು.

ಮರುದಿನದ ಪತ್ರಿಕೆಯೊಂದರಲ್ಲಿ ‘ಕಾರ್ಖಾನೆ ಆಡಳಿತ ಮಂಡಳಿ ವಿರುದ್ಧ ಘೋಷಣೆ ಕೂಗಿದರು’ ಎಂದಿತ್ತು. ಹದಿನಾಲ್ಕು ದಿನದ ಮಾತು ಎಲ್ಲೂ ಇರಲಿಲ್ಲ. ಭಾಗವಹಿಸಿದವರ ಪಟ್ಟಿಯಲ್ಲಿ ಆಕೆಯ ಹೆಸರೂ ಇರಲಿಲ್ಲ. ಹೆಸರಿನ ಆಸೆ ಆಕೆಗೆ ಇತ್ತು ಎಂದು ನನಗನ್ನಿಸುವುದಿಲ್ಲ. ಮಾತು ಇರಬೇಕಿತ್ತು. ಅದೊಂದಿದ್ದಿದ್ದರೆ, ಜಿಲ್ಲಾಡಳಿತದಲ್ಲಿ ಪತ್ರಿಕೆ ತಿರುವುವ ಯಾರಾದರೂ ಒಬ್ಬರು ‘ಹದಿನಾಲ್ಕು ದಿನ ಅಂದರೆ ಏನು?’ ಎಂದು ಕೇಳುವ ಸಾಧ್ಯತೆ ಇತ್ತು.

ಸುದ್ದಿಮನೆಯ ಒತ್ತಡ ನನಗೆ ಗೊತ್ತಿಲ್ಲದ್ದಲ್ಲ. ತಾಲ್ಲೂಕು ವರದಿಗಾರರಲ್ಲಿ ಹಲವರು ನನ್ನ ಹಳೆಯ ವಿದ್ಯಾರ್ಥಿಗಳು. ದಿನಕ್ಕೆ ನಾಲ್ಕು ಕಾರ್ಯಕ್ರಮ, ಸಂಜೆಯೊಳಗೆ ಎಲ್ಲವನ್ನೂ ಕಳಿಸಬೇಕು, ಕಳಿಸಿದ ಮುನ್ನೂರು ಪದ ನೂರಕ್ಕೆ ಇಳಿದು ಅಚ್ಚಾಗುತ್ತದೆ. ಸಂಘಟಕರೇ ಕೊಟ್ಟ ಪ್ರೆಸ್ ನೋಟ್‌ನಲ್ಲಿ ‘ಘೋಷಣೆ ಕೂಗಿದರು’ ಎಂದಿದ್ದರೆ ಅದೇ ಹೋಗುತ್ತದೆ. ಹಾಗಾಗಿ ಸಂಘಟಕರಿಗೂ ಇದೇ ಪತ್ರದಲ್ಲಿ ಹೇಳುತ್ತೇನೆ. ಮನವಿಯ ಪ್ರತಿ, ಮುಖಂಡರ ಪಟ್ಟಿ ಕೊಡುವಾಗ ಅಂದು ಜನರ ಬಾಯಲ್ಲಿ ಓಡಿದ ಎರಡು ಸಾಲನ್ನೂ ಬರೆದು ಕೊಡಿ. ನೀವು ಫ್ಲೆಕ್ಸ್ ಮೇಲೆ ಬರೆಸಿಕೊಂಡು ತಂದದ್ದನ್ನಲ್ಲ, ಅಲ್ಲಿ ಹುಟ್ಟಿದ್ದನ್ನು.

ಹುಟ್ಟಿದ್ದು ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ. 1947. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸಂಸ್ಥಾನದಲ್ಲಿ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಆ ಚಳವಳಿಯ ಹೆಸರೇ ಒಂದು ಘೋಷಣೆ. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಅರಮನೆಯ ಆಡಳಿತದಲ್ಲಿ ಪ್ರಭಾವಿಯಾಗಿದ್ದವರು ತಂಬೂ ಚೆಟ್ಟಿ. ಬೀದಿಯಲ್ಲಿ ಹುಡುಗರು ಕೂಗಿದ್ದು:

‘ಆರ್ಕಾಟ್ ಬಾಯ್ಕಾಟ್! ತಂಬೂ ಚೆಟ್ಟಿ ಚಟ್ಟ ಕಟ್ಟಿ!’

ಚಳವಳಿಯ ಬಗ್ಗೆ ಬೇರೇನೂ ಗೊತ್ತಿಲ್ಲದವರಿಗೂ ಇದು ಗೊತ್ತು. ನನ್ನ ತಾತ ಓದು ಬರಹ ಬಾರದವರು, ಅವರ ಬಾಯಲ್ಲಿ ಇದನ್ನು ನಾನು ಕೇಳಿದ್ದೇನೆ. ಇದನ್ನು ಕಟ್ಟಿದವರು ಯಾರೋ, ಅವರ ಕಿವಿ ಬಲು ಸೂಕ್ಷ್ಮ. ತಮಿಳು ಸೀಮೆಯ ಒಂದು ಊರಿನ ಹೆಸರು, ಅದರ ಪಕ್ಕಕ್ಕೆ ಐರ್ಲೆಂಡಿನಿಂದ ಬಂದ ಒಂದು ಪದ. ಅಲ್ಲಿ 1880ರಲ್ಲಿ ಗೇಣಿದಾರರು ಬಹಿಷ್ಕಾರ ಹಾಕಿದ ಜಮೀನು ಪಾರುಪತ್ಯಗಾರನೊಬ್ಬನ ಹೆಸರು ಬಾಯ್ಕಾಟ್, ಅದೇ ಆಮೇಲೆ ಬಹಿಷ್ಕಾರಕ್ಕೆ ಹೆಸರಾಯಿತು. ಎರಡನ್ನೂ ಜೋಡಿಸಿದ ಕೂಡಲೇ ಅದು ಅಚ್ಚ ಮೈಸೂರಿನದಾಗಿಬಿಟ್ಟಿತು. ಎರಡನೆಯ ಸಾಲಿನಲ್ಲಿ ಚೆಟ್ಟಿ, ಚಟ್ಟ, ಕಟ್ಟಿ ಎಂದು ಒತ್ತಕ್ಷರ ಮೂರು ಸಲ ಬಡಿಯುತ್ತದೆ. ನಡೆಯುತ್ತಾ ಕೂಗಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. ಆದಿಪ್ರಾಸ, ಅಂತ್ಯಪ್ರಾಸ ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿಕೊಡುವುದೆಲ್ಲ ಇಲ್ಲಿ ಬೀದಿಯಲ್ಲೇ ಇದೆ.

ಮಾತು ಕಟುವಾಗಿದೆ, ನಿಜ. ಬದುಕಿರುವವರಿಗೆ ಚಟ್ಟ ಕಟ್ಟುವ ಮಾತು. ಇವತ್ತಾದರೆ ನೀವು ಅಚ್ಚು ಮಾಡಲು ಹಿಂದೆಮುಂದೆ ನೋಡುತ್ತಿದ್ದಿರೋ ಏನೋ. ಆದರೆ ಆ ಕಟುತನವೂ ಆ ಕಾಲದ ಚರಿತ್ರೆಯೇ. ಜನ ಎಷ್ಟು ಬೇಸತ್ತಿದ್ದರು ಎಂಬುದನ್ನು ಅದು ಹೇಳುತ್ತದೆ. ಆ ಸೆಪ್ಟೆಂಬರಿನಲ್ಲೇ ಮೈಸೂರಿನ ಫೈವ್ ಲೈಟ್ ಸರ್ಕಲ್ ಬಳಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ಇವತ್ತು ನೀವು ದಿನವೂ ದಾಟಿಹೋಗುವ ರಾಮಸ್ವಾಮಿ ವೃತ್ತ ಅದು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಅಧಿಕಾರಕ್ಕೆ ಬಂತು. ಒಪ್ಪಂದದ ಕಾಗದ, ಪ್ರಮಾಣವಚನದ ದಾಖಲೆ ಎಲ್ಲ ಕಡತದಲ್ಲಿವೆ. ಬೀದಿಯ ದನಿ ಉಳಿದದ್ದು ಜನರ ನಾಲಗೆಯ ಮೇಲೆ. ಪ್ರಾಸ ಚೆನ್ನಾಗಿದ್ದದ್ದಕ್ಕೆ ಉಳಿಯಿತು. ಪ್ರಾಸ ಇಲ್ಲದ, ಆದರೆ ಅಷ್ಟೇ ಅರ್ಥ ಇದ್ದ ಕೂಗುಗಳನ್ನು ಉಳಿಸಲು ಯಾರಾದರೂ ಬರೆದಿಡಲೇಬೇಕಾಗುತ್ತದೆ.

ಅದಕ್ಕೂ ಒಂಬತ್ತು ವರ್ಷ ಹಿಂದೆ, 1938ರ ಏಪ್ರಿಲ್‌ನಲ್ಲಿ, ಮದ್ದೂರು ಹತ್ತಿರದ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದ್ದು, ಕಾಂಗ್ರೆಸ್ ಮುಖಂಡ ಟಿ. ಸಿದ್ದಲಿಂಗಯ್ಯನವರ ಬಂಧನವಾದದ್ದು ನಿಮಗೆಲ್ಲ ಗೊತ್ತಿರುವುದೇ. ಅಲ್ಲಿ ಸತ್ಯಾಗ್ರಹ ಸೌಧ ಇದೆ. ವರ್ಷಕ್ಕೊಮ್ಮೆ ನೀವು ಅದರ ಬಗ್ಗೆ ಬರೆಯುತ್ತೀರಿ, ಸೌಧದ ಗೋಡೆ, ಬಣ್ಣ, ನಿರ್ವಹಣೆ ಎಂದು. ಆ ಸತ್ಯಾಗ್ರಹವನ್ನು ಮನೆಯ ಹಿರಿಯರ ಬಾಯಿಂದ ಕೇಳಿ ಬೆಳೆದವರು ಮದ್ದೂರು ಸೀಮೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಈ ಸಲ ಹೋದಾಗ ಅವರನ್ನು ಕೂರಿಸಿಕೊಂಡು ‘ಏನಂತ ಕೂಗ್ತಿದ್ರಂತೆ?’ ಎಂದು ಒಂದು ಮಾತು ಕೇಳಿ ನೋಡಿ.

ರೈತ ಸಂಘದ ಕಾಲದ ಕೂಗು ನನ್ನ ಬಾಲ್ಯದ್ದು. 1980ರಲ್ಲಿ ನರಗುಂದ, ನವಲಗುಂದದ ಬಂಡಾಯ ಎದ್ದ ಮೇಲೆ ರಾಜ್ಯ ರೈತ ಸಂಘ ಕಟ್ಟಿಕೊಂಡಿತು. ಹಸಿರು ಶಾಲು ಮಂಡ್ಯದ ಹೆಗಲೇರಿತು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂಬ ಅರ್ಥದ ಮಾತು ಆಗ ಎಲ್ಲ ಕಡೆ ಓಡಾಡಿತು. ಇದನ್ನು ನಿಧಾನವಾಗಿ ಬಿಡಿಸಿ ನೋಡಿ. ರೈತ ಬೆಳೆದದ್ದಕ್ಕೆ ಸರ್ಕಾರ ಬೆಲೆ ಕಟ್ಟುತ್ತದೆ. ಖರ್ಚಿಗಿಂತ ಕಡಿಮೆ ಕಟ್ಟುತ್ತದೆ. ಆ ಕೊರತೆ ವರ್ಷ ವರ್ಷ ಸೇರುತ್ತಾ ಹೋದರೆ ಬ್ಯಾಂಕಿಗೆ ರೈತ ಕೊಡಬೇಕಾದ್ದಕ್ಕಿಂತ ರೈತನಿಗೆ ಸರ್ಕಾರ ಕೊಡಬೇಕಾದ್ದೇ ಜಾಸ್ತಿ. ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿಯವರು ಗಂಟೆಗಟ್ಟಲೆ ವಿವರಿಸುತ್ತಿದ್ದ ಅರ್ಥಶಾಸ್ತ್ರ ಇದು. ಶಾಲೆಯ ಮೆಟ್ಟಿಲು ಹತ್ತದವರೂ ಅದನ್ನು ಒಂದು ಸಾಲಿನಲ್ಲಿ ಕೂಗಿದರು, ಕೂಗಿ ಕೂಗಿಯೇ ಅರ್ಥ ಮಾಡಿಕೊಂಡರು. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಬಾರದು ಎಂಬ ಬೋರ್ಡುಗಳು ಹಳ್ಳಿಗಳ ಬಾಗಿಲಲ್ಲಿ ಎದ್ದದ್ದೂ ಆಗಲೇ. ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು ಮಾತಾಡಲು ನಿಂತರೆ ಭಾಷಣಕ್ಕೂ ಕೂಗಿಗೂ ನಡುವಿನ ಗೆರೆಯೇ ಅಳಿಸಿಹೋಗುತ್ತಿತ್ತು. ಅವರು ನಮ್ಮೂರ ಮಾತಿನಲ್ಲೇ ಕೇಳುತ್ತಿದ್ದರು, ಜನ ನಮ್ಮೂರ ಮಾತಿನಲ್ಲೇ ಉತ್ತರ ಕೊಡುತ್ತಿದ್ದರು. ಅವರು ತೀರಿಕೊಂಡದ್ದು 2018ರಲ್ಲಿ. ಆ ಸವಾಲು ಜವಾಬುಗಳನ್ನು ಯಾರಾದರೂ ಬರೆದಿಟ್ಟಿದ್ದರೆ ಅದು ನಮ್ಮ ಜಿಲ್ಲೆಯ ಆಸ್ತಿ.

ಇಲ್ಲಿ ನಿಮ್ಮ ಮನಸ್ಸಿಗೆ ಬರುವ ಆಕ್ಷೇಪ ನನಗೂ ಬಂದಿದೆ. ಕೂಗುವುದೆಲ್ಲ ಒಳ್ಳೆಯದೇ ಇರುತ್ತದೆಯೇ? ಇಲ್ಲ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಡೆದ ಗಲಭೆಯಲ್ಲಿ, ನಮ್ಮ ನಡುವೆಯೇ ತಲೆತಲಾಂತರದಿಂದ ಬದುಕಿದ್ದ ತಮಿಳು ಮಾತಿನ ಬಡವರು ಮನೆಮಠ ಕಳೆದುಕೊಂಡರು. ಅದಕ್ಕೂ ಕೂಗುಗಳೇ ಹಾದಿ ಮಾಡಿಕೊಟ್ಟವು. ‘ಕಾವೇರಿ ನಮ್ಮದು’ ಎನ್ನುವುದು ಒಂದು ಮಾತು. ಪಕ್ಕದ ಬೀದಿಯವರನ್ನು ಓಡಿಸಿ ಎನ್ನುವುದು ಪೂರಾ ಬೇರೆ ಮಾತು. ‘ಘೋಷಣೆ ಕೂಗಿದರು’ ಎಂದು ಬರೆದಾಗ ಈ ಎರಡೂ ಒಂದೇ ಆಗಿಬಿಡುತ್ತವೆ. ನ್ಯಾಯವಾಗಿ ನೀರು ಕೇಳಿದವನ ಮೇಲೂ ಬೆಂಕಿ ಹಚ್ಚಿದವನ ಕಳಂಕ ಬರುತ್ತದೆ, ಬೆಂಕಿ ಹಚ್ಚಿದವನು ನೀರು ಕೇಳಿದವನ ಮರೆಯಲ್ಲಿ ಉಳಿದುಕೊಳ್ಳುತ್ತಾನೆ. ಕೆಟ್ಟ ಕೂಗು ಎದ್ದಾಗ ಅದನ್ನು ಬರೆಯುವುದು ಇನ್ನೂ ಮುಖ್ಯ. ಜಾತಿ ಹಿಡಿದು ಬೈದದ್ದನ್ನು, ಹೆಂಗಸರ ಮೇಲೆ ಆಡಿದ ಹೊಲಸನ್ನು ಅಕ್ಷರಶಃ ಅಚ್ಚು ಮಾಡಬೇಡಿ. ‘ಜಾತಿ ನಿಂದನೆಯ ಮಾತು ಕೇಳಿಬಂತು’ ಎಂದು ಬಾಯಿಬಿಟ್ಟು ಬರೆಯಿರಿ. ಅಷ್ಟು ಬರೆದರೂ ಅದು ದಾಖಲೆ.

ದಾಖಲೆಯ ಮಾತು ಬಂದದ್ದಕ್ಕೆ ಇನ್ನೊಂದು. ಘೋಷಣೆ ಕೂಗಿದ್ದಕ್ಕೇ ಮೊಕದ್ದಮೆ ಬೀಳುವ ಕಾಲ ಇದು, ಹಿಂದೆಯೂ ಇತ್ತು. 1984ರ ಅಕ್ಟೋಬರ್ 31ರಂದು, ಇಂದಿರಾ ಗಾಂಧಿಯವರ ಹತ್ಯೆಯಾದ ದಿನ, ಚಂಡೀಗಢದಲ್ಲಿ ಘೋಷಣೆ ಕೂಗಿದರೆಂದು ಇಬ್ಬರ ಮೇಲೆ ದೇಶದ್ರೋಹದ ಪ್ರಕರಣ ಹೂಡಲಾಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಬಲವಂತ್ ಸಿಂಗ್ ಪ್ರಕರಣ ಎಂದೇ ಅದು ಪ್ರಸಿದ್ಧ. ಕೋರ್ಟು ನೋಡಿದ್ದು ಏನನ್ನು? ಒಂದೆರಡು ಸಲ ಕೂಗಿದ್ದು, ಕೇಳಿದ ಜನರಿಂದ ಯಾವ ಪ್ರತಿಕ್ರಿಯೆಯೂ ಬರದೆ ಇದ್ದದ್ದು, ಅದರ ಮುಂದೆ ಏನೂ ನಡೆಯದೆ ಇದ್ದದ್ದು. ಅಂದರೆ ಕೂಗಿದ ಮಾತು, ಕೂಗಿದ ಬಗೆ, ಸುತ್ತಲಿನ ಸನ್ನಿವೇಶ ಇವುಗಳ ಮೇಲೆ ಒಬ್ಬ ಮನುಷ್ಯ ಜೈಲಿನಲ್ಲಿರಬೇಕೋ ಮನೆಯಲ್ಲಿರಬೇಕೋ ಎಂಬುದು ತೀರ್ಮಾನವಾಗುತ್ತದೆ. ಇವತ್ತು ಆ ಮಾತಿಗೆ ಸಾಕ್ಷಿ ಯಾವುದು? ಪೊಲೀಸರ ಎಫ್ಐಆರ್, ಅಥವಾ ಯಾರೋ ಮೊಬೈಲಿನಲ್ಲಿ ತೆಗೆದು ಹರಿಬಿಟ್ಟ ಅರ್ಧ ನಿಮಿಷದ ವಿಡಿಯೊ. ಹಿಂದೆಮುಂದೆ ಕತ್ತರಿಸಿದ್ದು, ಗದ್ದಲದಲ್ಲಿ ಒಂದು ಪದ ಇನ್ನೊಂದಾಗಿ ಕೇಳುವಂಥದ್ದು. ಸ್ಥಳದಲ್ಲೇ ನಿಂತು ಕೇಳಿಸಿಕೊಂಡ, ಯಾವ ಕಡೆಯವನೂ ಅಲ್ಲದ ವರದಿಗಾರನ ನೋಟ್‌ಬುಕ್ಕಿನ ಒಂದು ಸಾಲಿಗೆ ಅಂಥ ಹೊತ್ತಿನಲ್ಲಿ ಎಂಥ ಬೆಲೆ ಎಂದು ನಾನು ನಿಮಗೆ ಹೇಳಬೇಕಿಲ್ಲ.

ಸರ್ಕಾರದ ಘೋಷವಾಕ್ಯಗಳಿಗೆ ಇಂಥ ಚಿಂತೆ ಇಲ್ಲ. ಅವುಗಳಿಗೆ ಗೋಡೆ ಇದೆ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಆಸ್ಪತ್ರೆಯ ಗೋಡೆಯಲ್ಲಿ, ಬಸ್ಸಿನ ಬೆನ್ನಿನಲ್ಲಿ, ಗ್ರಾಮ ಪಂಚಾಯಿತಿಯ ಕಾಂಪೌಂಡಿನಲ್ಲಿ ಅವು ವರ್ಷಗಟ್ಟಲೆ ಇರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇದ್ದವು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬುದನ್ನು ಬರೆದವರಿಗೆ ನಮ್ಮ ಮನೆಗಳ ಮಾತು ಗೊತ್ತಿತ್ತು. ಈಗೀಗ ಬರುವ ‘ಬೇಟಿ ಬಚಾವೋ ಬೇಟಿ ಪಢಾವೋ’, ‘ಹರ್ ಘರ್ ಜಲ್’ ಇವು ಕನ್ನಡ ಅಕ್ಷರ ತೊಟ್ಟ ಹಿಂದಿ. ಶಾಲೆಯ ಜಾಥಾದಲ್ಲಿ ಅವನ್ನು ಕೂಗುವ ನಮ್ಮ ಮಕ್ಕಳಿಗೆ ತಾವು ಏನು ಹೇಳುತ್ತಿದ್ದೇವೆ ಎಂಬುದೇ ತಿಳಿಯದು. ನಾನು ಪರಭಾಷೆಯ ಪದಕ್ಕೆ ವಿರೋಧಿ ಅಲ್ಲ. ‘ಜಿಂದಾಬಾದ್’ ಪಾರಸಿಯದು, ‘ಚಲೋ’ ಹಿಂದಿಯದು, ‘ಬಾಯ್ಕಾಟ್’ ಇಂಗ್ಲಿಷಿನದು. ಜನ ತಾವಾಗಿ ಎತ್ತಿಕೊಂಡ ಮೇಲೆ ಅವು ನಮ್ಮವೇ. ಮೇಲಿನಿಂದ ಇಳಿಸಿದ್ದಕ್ಕೂ ಕೆಳಗಿನಿಂದ ಎತ್ತಿಕೊಂಡದ್ದಕ್ಕೂ ವ್ಯತ್ಯಾಸ ಉಂಟು, ಅಷ್ಟೆ. ಮೇಲಿನಿಂದ ಇಳಿದದ್ದು ಗೋಡೆಯ ಮೇಲೆ ಉಳಿಯುತ್ತದೆ. ಕೆಳಗಿನಿಂದ ಎದ್ದದ್ದಕ್ಕೆ ನಿಮ್ಮ ಪುಟ ಬಿಟ್ಟರೆ ಬೇರೆ ಗೋಡೆ ಇಲ್ಲ.

ಹೇಗೆ ಮಾಡಬಹುದು ಎಂದು ನನಗೆ ತೋಚಿದ್ದನ್ನು ಹೇಳುತ್ತೇನೆ. ತಿದ್ದುವುದಿದ್ದರೆ ತಿದ್ದಿ.

‘ಘೋಷಣೆ ಕೂಗಿದರು’ ಎಂದು ಬರೆದ ಕಡೆಯಲ್ಲೆಲ್ಲ ಏನೆಂದು ಎಂಬುದನ್ನು ಒಂದು ಸಲವಾದರೂ ಸೇರಿಸಿ. ನಾಲ್ಕೈದು ಪದ ಹೆಚ್ಚಾಗುತ್ತದೆ. ಜಾಗ ಬೇಕಾದರೆ ‘ಆಕ್ರೋಶ ವ್ಯಕ್ತಪಡಿಸಿದರು’ ಎಂಬುದನ್ನು ತೆಗೆಯಿರಿ. ಕೂಗಿದ ಮಾತು ಇದ್ದರೆ ಆಕ್ರೋಶ ಅದರಲ್ಲೇ ಇರುತ್ತದೆ. ಮಂಡ್ಯದ ಮಾತನ್ನು ತಿದ್ದಿ ಗ್ರಂಥದ ಕನ್ನಡ ಮಾಡಬೇಡಿ. ‘ಎತ್ತಾಗೋಯ್ತು’ ಎಂದದ್ದು ‘ಎಲ್ಲಿಗೆ ಹೋಯಿತು’ ಎಂದಾದರೆ ಅದನ್ನು ಯಾರೂ ಮತ್ತೆ ಕೂಗಲಾರರು. ಉಪಸಂಪಾದಕರೇ, ವರದಿಗಾರ ಹಾಗೆ ಬರೆದು ಕಳಿಸಿದರೆ ದಯವಿಟ್ಟು ಅದಕ್ಕೆ ಕತ್ತರಿ ಹಾಕಬೇಡಿ. ಮೊದಲು ಮಾತು ಎತ್ತಿದವರನ್ನು ಹುಡುಕಿ. ಹೆಚ್ಚು ಸಲ ಅವರು ಮೈಕಿನ ಹತ್ತಿರ ಇರುವುದಿಲ್ಲ, ಹಿಂದಿನ ಸಾಲಿನಲ್ಲಿರುತ್ತಾರೆ. ಹೆಂಗಸರೇ ಆಗಿರುತ್ತಾರೆ ಎಂದು ನಾನು ಕಂಡಷ್ಟರ ಮಟ್ಟಿಗೆ ಹೇಳಬಲ್ಲೆ. ಹೆಸರು ಹಾಕುವ ಮುನ್ನ ಅವರನ್ನೇ ಕೇಳಿ. ಬೇಡ ಎಂದರೆ ಊರಿನ ಹೆಸರು ಸಾಕು.

ನನ್ನ ವಿದ್ಯಾರ್ಥಿಗಳಿಗೆ ಈ ವರ್ಷ ಇದೇ ಕೆಲಸ ಕೊಟ್ಟಿದ್ದೇನೆ. ತಮ್ಮ ತಮ್ಮ ಊರಿನ ಹಿರಿಯರನ್ನು ಕೇಳಿ, ಯಾವ ಹೋರಾಟದಲ್ಲಿ ಏನು ಕೂಗಿದ್ದು ನೆನಪಿದೆಯೋ ಅದನ್ನು ಕೇಳಿದ ಹಾಗೇ ಬರೆದು ತರಬೇಕು. ಕೆ.ಆರ್. ಪೇಟೆ ಕಡೆಯಿಂದ, ನಾಗಮಂಗಲದ ಕಡೆಯಿಂದ ಹಾಳೆಗಳು ಬರಲು ಶುರುವಾಗಿವೆ. ನಾಲೆಯ ಕೊನೆ ಭಾಗದ ಊರುಗಳಿಂದ ಬಂದವುಗಳಲ್ಲಿ ನೀರಿನ ಕೂಗೇ ಹೆಚ್ಚು. ಒಬ್ಬ ಹುಡುಗಿ ತನ್ನ ಅಜ್ಜಿ ಹೇಳಿದ್ದನ್ನು ಬರೆದು, ಕೆಳಗೆ ‘ಇದನ್ನು ಹೇಳುವಾಗ ಅಜ್ಜಿ ಎದ್ದು ನಿಂತರು’ ಎಂದು ಸೇರಿಸಿದ್ದಾಳೆ. ಈ ಹಾಳೆಗಳನ್ನು ನೋಡಬೇಕೆನಿಸಿದ ಯಾವ ಪತ್ರಿಕೆಯವರಿಗಾದರೂ ಕೊಡಲು ನಾವು ತಯಾರು. ಸಂಜೆ ನಾಲ್ಕರ ಮೇಲೆ ಬಂದರೆ ಮಕ್ಕಳೂ ಸಿಗುತ್ತಾರೆ.

ಇಂತಿ ನಿಮ್ಮ ಓದುಗಿ,
ಮಂಡ್ಯದ ಒಬ್ಬ ಕನ್ನಡ ಅಧ್ಯಾಪಕಿ